ಎಪ್ಪತ್ತನಾಲ್ಕನೆಯ ಕಲ್ಲು

ಫೆಬ್ರವರಿ 3, ಮಂಗಳವಾರ

‘ಸಿಟ್ಟು ಆರುವ ಮುನ್ನ ಅದರ ಬೆಳಕಿನಲ್ಲಿ ಒಂದಿಷ್ಟು ಓದಿಕೋ.’ ಹೀಗೇನೋ ಒಂದು ಸಾಲು. ಎಂ.ಎ. ಓದುವಾಗ ಎಲ್ಲೋ ಕಂಡದ್ದು. ಯಾವ ಪುಸ್ತಕ, ಮುಂದಿನ ಸಾಲೇನು, ಒಂದೂ ನೆನಪಿಲ್ಲ. ಇವತ್ತು ಬೆಳಿಗ್ಗೆ ಹಲ್ಲುಜ್ಜುವಾಗ ತಾನಾಗಿ ಬಂತು, ಬಂದದ್ದೇ ಅದರ ಜೊತೆ ಜಗಳಕ್ಕೆ ನಿಂತೆ. ಸಿಟ್ಟಿಗೆ ಬೆಳಕು ಎಲ್ಲಿದೆ? ಬರೀ ಹೊಗೆ, ಬರೀ ಕಾವು. ಈ ಸಾಲು ಬರೆದವರ ಮನೆಯಲ್ಲಿ ಯಾರೂ ಸತ್ತಿರಲಿಕ್ಕಿಲ್ಲ.

ತಂಗಿ ಹೋಗಿ ಇವತ್ತಿಗೆ ಇಪ್ಪತ್ತೆರಡು ದಿನ. ಹಾಡಹಗಲು, ಶಾಲೆ ಮುಗಿಸಿ ಸ್ಕೂಟರಿನಲ್ಲಿ ಹೆದ್ದಾರಿ ಹಿಡಿದು ಮನೆಗೆ ಮರಳುವಾಗ. ಗುದ್ದಿದ ಲಾರಿಯವನು ಅಲ್ಲೇ ಸಿಕ್ಕಿಬಿದ್ದ. ಅವನನ್ನು ನ್ಯಾಯಾಲಯ ನೋಡಿಕೊಳ್ಳುತ್ತದೆ. ನನಗೆ ಬೇಕಾದವನು ಬೇರೆ. ಆಸ್ಪತ್ರೆಯ ವೈದ್ಯೆ ಕೈಗವಸು ಕಳಚುತ್ತ ಒಂದೇ ಮಾತು ಅಂದಳು: “ಇಪ್ಪತ್ತು ನಿಮಿಷ ಮುಂಚೆ ತಂದಿದ್ರೆ ಉಳಿಸ್ಕೋಬಹುದಿತ್ತು.”

ಆ ಇಪ್ಪತ್ತು ನಿಮಿಷ ಯಾರೋ ಒಬ್ಬನ ಹೊಟ್ಟೆಯಲ್ಲಿದೆ. ಅದನ್ನು ಕಕ್ಕಿಸದೆ ಬಿಡುವುದಿಲ್ಲ.

ಫೆಬ್ರವರಿ 6, ಶುಕ್ರವಾರ

ಆಂಬುಲೆನ್ಸ್ ಕಚೇರಿಯಿಂದ ನಾನು ಕೇಳಿದ ಕಾಗದ ಬಂತು. ಕರೆ ಬಂದದ್ದು ಸಂಜೆ ನಾಲ್ಕು ಗಂಟೆ ಏಳು ನಿಮಿಷಕ್ಕೆ. ಕರೆ ಮಾಡಿದವರು: ದಾರಿಹೋಕ. ಸ್ಥಳ: ಎಪ್ಪತ್ತನಾಲ್ಕನೆಯ ಕಿಲೋಮೀಟರ್ ಕಲ್ಲಿನ ಬಳಿ. ಗಾಡಿ ಸ್ಥಳ ತಲುಪಿದ್ದು ನಾಲ್ಕು ನಲವತ್ತೆಂಟಕ್ಕೆ.

ನಲವತ್ತೊಂದು ನಿಮಿಷ. ಅಷ್ಟು ಹೊತ್ತು ಅವಳು ಡಾಂಬರಿನ ಮೇಲೆ ಮಲಗಿದ್ದಳು.

ಚಾಲಕನ ಹೆಸರೂ ಕಾಗದದಲ್ಲಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಹೆಸರು ಮನುಷ್ಯರಿಗೆ. ಇವನನ್ನು ‘ನಲವತ್ತೊಂದು’ ಎನ್ನುತ್ತೇನೆ.

ತಂಗಿಯ ಗಂಡ ಫೋನ್ ಮಾಡಿದ್ದ. “ಅತ್ತಿಗೆ, ಸಾಕು ಬಿಡಿ. ಇದನ್ನೆಲ್ಲ ಕೆದಕಿದ್ರೆ ಅವಳು ವಾಪಸ್ ಬರ್ತಾಳಾ?”

“ಬರಲ್ಲ. ಅವನ ಕೆಲಸಾನೂ ವಾಪಸ್ ಬರಬಾರದು.”

“ಊಟ ಮಾಡ್ತಿದ್ದೀರಾ?” ಅಂದ. ಫೋನ್ ಇಟ್ಟೆ.

ಫೆಬ್ರವರಿ 10, ಮಂಗಳವಾರ

ದೂರು ಕೊಟ್ಟೆ. ಮೂರು ಪುಟ. ‘ಕರ್ತವ್ಯದಲ್ಲಿ ಉದ್ದೇಶಪೂರ್ವಕ ವಿಳಂಬ’ ಎಂಬ ಮಾತನ್ನು ಎರಡು ಸಲ ಬರೆದೆ. ಉದ್ದೇಶಪೂರ್ವಕ ಎನ್ನಲು ನನ್ನ ಬಳಿ ಏನು ಆಧಾರವಿದೆ? ಏನೂ ಇಲ್ಲ. ಪದ ಚೂಪಾಗಿತ್ತು, ಇಟ್ಟುಕೊಂಡೆ.

ಮಧ್ಯಾಹ್ನ ನಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ವಾಪಸಾದ ಪುಸ್ತಕಗಳನ್ನು ಕಪಾಟಿಗೆ ಸೇರಿಸುತ್ತಿದ್ದಾಗ ಹುಡುಗಿಯೊಬ್ಬಳು ಕವಿತೆಯ ಪುಸ್ತಕ ಕೇಳಿದಳು. ಯಾವುದಾದರೂ ಸರಿಯಂತೆ, ನಾನೇ ಆರಿಸಿಕೊಡಬೇಕಂತೆ. ಇಪ್ಪತ್ತು ವರ್ಷದಿಂದ ಯಾರಾದರೂ ಹೀಗೆ ಕೇಳಲಿ ಎಂದು ಕಾದವಳು ನಾನು. “ಎಡಗಡೆ ಮೂರನೇ ಸಾಲು, ನೋಡ್ಕೋ,” ಎಂದು ಕೈ ತೋರಿಸಿದೆ.

ಫೆಬ್ರವರಿ 14, ಶನಿವಾರ

ಸಾಕ್ಷ್ಯ ಬೇಕಲ್ಲ. ಆಂಬುಲೆನ್ಸ್ ನಿಲ್ಲುವ ಶೆಡ್ಡಿನಿಂದ ತಂಗಿ ಬಿದ್ದ ಜಾಗಕ್ಕೆ ಟ್ಯಾಕ್ಸಿ ಮಾಡಿಕೊಂಡು ಹೋದೆ, ಕೈಯಲ್ಲಿ ಗಡಿಯಾರ. ಶೆಡ್ಡು ರಸ್ತೆಯ ಒಂದು ಬದಿ, ಅವಳು ಬಿದ್ದದ್ದು ಇನ್ನೊಂದು ಬದಿ. ನಡುವೆ ಆಳೆತ್ತರದ ಗಿಡ ಬೆಳೆದ ವಿಭಜಕ. ಮುಂದೆ ಹೋಗಿ, ಗಾಡಿ ತಿರುಗಿಸಿಕೊಂಡು ವಾಪಸ್ ಬರಬೇಕು. ಅಷ್ಟಾದರೂ ಹದಿನೇಳು ನಿಮಿಷ. ಅದೂ ಟ್ಯಾಕ್ಸಿಯವನು ದಾರಿಯುದ್ದಕ್ಕೂ ತನ್ನ ಸೊಂಟನೋವಿನ ಕಥೆ ಹೇಳುತ್ತ ಓಡಿಸಿದ್ದು. ಸೈರನ್ ಇರುವವನಿಗೆ ನಲವತ್ತೊಂದು!

ಮನೆಗೆ ಬಂದರೆ ಕೆಳಮನೆಯ ಹೊಲಿಗೆಯಾಕೆ ಮೆಟ್ಟಿಲ ಮೇಲೆ ಕೂತು ಗುಂಡಿ ಹೊಲಿಯುತ್ತಿದ್ದಳು. “ಏನಕ್ಕಾ, ಹೈವೇ ಕಡೆ ಸುತ್ತಾಟ ಜಾಸ್ತಿ ಆಯ್ತಂತೆ? ಟೋಲ್ ವಸೂಲಿಗೆ ಸೇರ್ಕೊಂಡ್ರಾ?”

“ವಸೂಲಿಗೇ ಹೋಗಿದ್ದು,” ಅಂದೆ.

ಅವಳು ದಾರ ಕಚ್ಚಿ ತುಂಡರಿಸಿ ನನ್ನ ಮುಖ ನೋಡಿದಳು. ನಗಲಿಲ್ಲ.

ಫೆಬ್ರವರಿ 17, ಮಂಗಳವಾರ

ನಲವತ್ತೊಂದು ಅಮಾನತಾದ! ವಿಚಾರಣೆ ಮಾರ್ಚ್ ಹನ್ನೆರಡಕ್ಕೆ, ಅಲ್ಲಿಯವರೆಗೆ ಕೆಲಸವಿಲ್ಲ. ಒಂದು ತಿಂಗಳ ನಂತರ ಇವತ್ತು ಹೊಟ್ಟೆ ತುಂಬ ಉಂಡೆ.

ಶೆಡ್ಡಿನ ಮುಂದಿನಿಂದ ನಡೆದು ಹೋಗುವ ಆಸೆಯಾಯಿತು, ಹೋದೆ. ಅವನು ತನ್ನ ಸಾಮಾನು ಚೀಲಕ್ಕೆ ತುಂಬುತ್ತಿದ್ದ. ಒಂದು ಟವೆಲ್, ಒಂದು ಸ್ಟೀಲ್ ಲೋಟ, ಒಂದು ಜೊತೆ ಚಪ್ಪಲಿ. ನಡುವಯಸ್ಸು, ಸಣ್ಣ ಆಳು. ನಾನು ಕಲ್ಪಿಸಿಕೊಂಡವನು ದಪ್ಪಗಿದ್ದ. ಹೊರಡುವ ಮುನ್ನ ಗಾಡಿಯ ಹಿಂಬಾಗಿಲನ್ನು ತೆರೆದು ನೋಡಿ, ಮತ್ತೆ ಮುಚ್ಚಿ, ಹಿಡಿಕೆ ಎಳೆದು ನೋಡಿದ. ಅಂಗಡಿ ಮುಚ್ಚುವವರು ಬೀಗ ಎಳೆದು ನೋಡುವ ಹಾಗೆ. ನಾಟಕ.

ಫೆಬ್ರವರಿ 22, ಭಾನುವಾರ

ಇಡೀ ದಿನ ಕಲ್ಲಿನ ಹತ್ತಿರ ಕೂತಿದ್ದೆ. ಎದುರಿನ ಪಂಕ್ಚರ್ ಅಂಗಡಿಯಾತ ಒಂದು ಸ್ಟೂಲ್ ಕೊಟ್ಟ. ಹಳದಿ ತಲೆಯ ಹಳೆಯ ಕಲ್ಲು, ಮೇಲೆ ಕಪ್ಪಕ್ಷರದಲ್ಲಿ 74. ಅದರ ಬುಡದಲ್ಲಿ ಇನ್ನೂ ಸ್ಕೂಟರಿನ ಕನ್ನಡಿಯ ಚೂರು ಇದೆ. ಆರಿಸಿಕೊಳ್ಳಲು ಬಗ್ಗಿದೆ, ಆಗಲಿಲ್ಲ.

“ಆವತ್ತು ನೀವು ಇಲ್ಲೇ ಇದ್ರಾ?” ಎಂದು ಕೇಳಿದೆ.

“ಇಲ್ಲ ಮೇಡಂ, ಅವತ್ತು ಅಂಗಡಿ ಮುಚ್ಚಿತ್ತು.” ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ಹುಡುಕುವುದರಲ್ಲಿ ಮುಳುಗಿಬಿಟ್ಟ. “ನೀವು ಹೀಗೆ ಪುಸ್ತಕ ಹಿಡ್ಕೊಂಡು ಕೂತ್ರೆ ನನ್ ಗಿರಾಕಿ ಟ್ಯಾಕ್ಸ್ ಆಫೀಸರು ಅಂದ್ಕೋತಾರೆ. ಮೂರು ಜನ ಗಾಳಿ ತುಂಬಿಸ್ಕೊಳ್ದೆ ಹೋದ್ರು.”

ಮಾರ್ಚ್ 1, ಭಾನುವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಇವತ್ತು ಬಸ್ಸಿನಲ್ಲಿ ಹೋದೆ. ನಿದ್ದೆ ಬಂದು ಇಳಿಯುವ ಜಾಗ ತಪ್ಪಿತು, ಆರು ಕಿಲೋಮೀಟರ್ ಮುಂದೆ ಇಳಿದೆ. ಅಲ್ಲಿ ಹೊಸ ಹಸಿರು ಫಲಕ. ಮೇಲೆ 74.

ಗ್ರಂಥಾಲಯದಲ್ಲಿ ಎರಡು ಪುಸ್ತಕಕ್ಕೆ ಒಂದೇ ಸಂಖ್ಯೆ ಬಿದ್ದರೆ ನನಗೆ ಮೈಯೆಲ್ಲ ಉರಿಯುತ್ತದೆ. ಕೇಳಿದವರ ಕೈಗೆ ಯಾವುದು ಸಿಗುತ್ತದೋ ಹೇಳಲಾಗದು. ರಸ್ತೆಯ ಬದಿಯಲ್ಲಿ ಅದೇ ಉರಿ. ಹಿಂದಕ್ಕೆ ನಡೆದೆ, ಒಂದೊಂದೇ ಫಲಕ ನೋಡುತ್ತ. ಈ ಬದಿಯ ರಸ್ತೆ ಹೊಸದು, ಹಸಿರು ಫಲಕ ಮಾತ್ರ ಇವೆ. ಆ ಬದಿಯದು ಹಳೆಯ ರಸ್ತೆ, ಅಲ್ಲಿ ಹಳೆಯ ಕಲ್ಲುಗಳನ್ನು ಕೀಳದೆ ಬಿಟ್ಟಿದ್ದಾರೆ. ದಾರಿಯ ಟೀ ಅಂಗಡಿಯಲ್ಲಿ ಕೇಳಿದೆ. ಊರು ತಪ್ಪಿಸಿ ಹೊಸ ದಾರಿ ಮಾಡಿದಾಗ ರಸ್ತೆ ಆರು ಕಿಲೋಮೀಟರ್ ಗಿಡ್ಡವಾಯಿತಂತೆ, ಎಣಿಕೆ ಬದಲಾಯಿತಂತೆ. ತಂಗಿ ಬಿದ್ದದ್ದು ಹಳೆಯ 74ರ ಹತ್ತಿರ, ಎಂದರೆ ಹೊಸ 68ರಲ್ಲಿ. ಯಾರೋ ಕಣ್ಣೆದುರಿನ ಕಲ್ಲು ಓದಿ ಎಪ್ಪತ್ತನಾಲ್ಕು ಎಂದರು. ನಲವತ್ತೊಂದು ಹೊಸ ಎಪ್ಪತ್ತನಾಲ್ಕಕ್ಕೆ ಹೋದ. ಅಲ್ಲಿ ಹುಡುಕಿ, ಫೋನ್ ಮಾಡಿ ಕೇಳಿ, ಮುಂದೆ ಹೋಗಿ ಗಾಡಿ ತಿರುಗಿಸಿಕೊಂಡು ಬಂದಿರಬೇಕು.

ಅಂದರೆ ಹೋಗುವಾಗ ಅವಳನ್ನು ದಾಟಿಯೇ ಹೋಗಿದ್ದ. ಗಿಡಗಳ ಆಚೆ ಬದಿಯಲ್ಲಿ. ಅವಳಿಗೆ ಸೈರನ್ ಕೇಳಿಸಿರಬೇಕು. ಹತ್ತಿರ ಬಂದದ್ದು, ದೂರವಾದದ್ದು.

ಮಾರ್ಚ್ 2, ಸೋಮವಾರ

ಯಾರಿಗೂ ಹೇಳುವುದಿಲ್ಲ. ವಿಚಾರಣೆಗೆ ಇನ್ನೂ ಹತ್ತು ದಿನವಿದೆ. ಅವನು ನಿರಪರಾಧಿ ಎಂಬುದು ಅವನಿಗೆ ಗೊತ್ತು, ನನಗೆ ಗೊತ್ತು, ಸಾಕು. ಅವನೂ ಬಿದ್ದುಕೊಂಡಿರಲಿ. ದೂರದಲ್ಲಿ ಸದ್ದು ಕೇಳುತ್ತ, ಯಾರೋ ಬರುತ್ತಾರೆಂದು ಕಾಯಲಿ.

ಮಾರ್ಚ್ 5, ಗುರುವಾರ

ಹೇಳಲಿಲ್ಲ.

ಮಾರ್ಚ್ 8, ಭಾನುವಾರ

ಉಗುರಿನ ಸಂದಿಯಲ್ಲಿ ಇನ್ನೂ ಕೆಂಪಿದೆ. ಬ್ರಶ್ಶಿನಿಂದ ಉಜ್ಜಿದರೂ ಹೋಗಿಲ್ಲ.

ಬೆಳಿಗ್ಗೆ ಕಲ್ಲಿನ ಫೋಟೋ ತೆಗೆಯಲು ಹೋಗಿದ್ದೆ. ಯಾರಿಗೂ ತೋರಿಸಲಿಕ್ಕಲ್ಲ, ನನ್ನ ಬಳಿ ಇರಲಿ ಎಂದು. ಹನ್ನೊಂದು ಗಂಟೆಯ ಹೊತ್ತಿಗೆ ಒಂದು ಕಾರು ಮೊಪೆಡ್ಡಿಗೆ ಉಜ್ಜಿ ನಿಲ್ಲಿಸದೆ ಹೋಯಿತು. ಮೊಪೆಡ್ಡಿನವನು ಬಡಗಿ, ಐವತ್ತರ ಆಸುಪಾಸು. ಹಿಂದೆ ಕಟ್ಟಿಕೊಂಡಿದ್ದ ಹಲಗೆಗಳ ಸಮೇತ ಕಲ್ಲಿನಿಂದ ಹತ್ತು ಹೆಜ್ಜೆ ದೂರ ಬಿದ್ದ. ತೊಡೆಯಿಂದ ರಕ್ತ ಬುಗ್ಗೆಯ ಹಾಗೆ ಬರುತ್ತಿತ್ತು. ನಿಜವಾಗಿ ಬುಗ್ಗೆಯ ಹಾಗೆ. ಕವಿತೆಯಲ್ಲಿ ಓದಿದಾಗ ನಾನು ನಂಬಿರಲಿಲ್ಲ.

ತುರ್ತು ಸಂಖ್ಯೆಗೆ ಫೋನ್ ಮಾಡಿದೆ. ಹೆಣ್ಣುದನಿ. “ಕಿಲೋಮೀಟರ್ ಕಲ್ಲಿನ ಸಂಖ್ಯೆ ಹೇಳಿ.”

“ಹಳೇದು ಎಪ್ಪತ್ನಾಕು, ಅದನ್ನ ಬರ್ಕೋಬೇಡಿ. ಹೊಸದು ಅರವತ್ತೆಂಟು. ಹಳೇ ರಸ್ತೆ ಬದಿ, ಪಂಕ್ಚರ್ ಅಂಗಡಿ ಎದುರು.”

“ಸರಿ ಮೇಡಂ. ಹತ್ತಿರದ ಗಾಡಿ ಇದೆ, ಆದ್ರೆ ಹಗಲು ಪಾಳಿಗೆ ಡ್ರೈವರ್ ಇಲ್ಲ, ಸಸ್ಪೆಂಡ್ ಆಗಿದ್ದಾರೆ. ಮುಂದಿನ ಕಡೆಯಿಂದ ಕಳಿಸ್ತಿದ್ದೀನಿ. ಮೂವತ್ತೈದು ನಿಮಿಷ ಆಗಬಹುದು.”

ಅವಳೇ ಮುಂದುವರಿಸಿದಳು: “ಮೇಡಂ, ಕೇಳಿಸ್ತಿದೆಯಾ? ಬಟ್ಟೆ ಮಡಚಿ ಗಾಯದ ಮೇಲೆ ಇಡಿ. ಎರಡೂ ಕೈಯಲ್ಲಿ ಒತ್ತಿ. ಪೂರ್ತಿ ಭಾರ ಹಾಕಿ. ತೆಗೆದು ತೆಗೆದು ನೋಡಬೇಡಿ.”

ದುಪಟ್ಟಾ ಮಡಚಿ ಒತ್ತಿದೆ. ಬಟ್ಟೆ ನೆನೆದು ಬೆರಳ ಸಂದಿಯಿಂದ ಬೆಚ್ಚಗೆ ಇಳಿಯಿತು. ಬಡಗಿ ಎಚ್ಚರವಾಗಿದ್ದ. “ಅಕ್ಕಾ, ನನ್ ಉಳಿ ಚೀಲ ಎಲ್ಲಿ?”

“ಇಲ್ಲೇ ಇದೆ.”

“ಎಣಿಸಿ. ಆರು ಇರ್ಬೇಕು. ಒಂದು ನಮ್ಮಪ್ಪಂದು.”

“ಆರೂ ಇವೆ,” ಅಂದೆ. ಚೀಲ ಎಲ್ಲಿತ್ತೋ ನನಗೆ ಗೊತ್ತಿಲ್ಲ.

ಪಂಕ್ಚರಿನಾತ ಅಂಗಡಿಯ ಬಾಗಿಲಲ್ಲೇ ನಿಂತಿದ್ದ, ಕಂಬದ ಹಾಗೆ. “ಬನ್ರೀ!” ಎಂದು ಕಿರುಚಿದೆ. ಕೊನೆಗೆ ಓಡಿಬಂದ, ಕೈಯಲ್ಲಿ ಹಳೆಯ ಟ್ಯೂಬ್ ಸೀಳಿದ ಪಟ್ಟಿ. ಫೋನಿನ ಹುಡುಗಿ ಹೇಳಿದ ಹಾಗೆ ಗಾಯದ ಮೇಲ್ಭಾಗಕ್ಕೆ ಸುತ್ತಿ, ಸ್ಪ್ಯಾನರ್ ತೂರಿಸಿ ತಿರುಗಿಸಿದ. ಬಡಗಿ ಅವನ ಮನೆತನವನ್ನೆಲ್ಲ ಬೈದ. ಬುಗ್ಗೆ ನಿಂತಿತು.

ಆಮೇಲೆ ಕಾಯುವುದು. ಕಾಯುವುದೆಂದರೇನೆಂದು ನನಗೆ ಗೊತ್ತಿರಲಿಲ್ಲ. ಹದಿನೈದನೆಯ ನಿಮಿಷಕ್ಕೆ ಬಡಗಿಯ ತುಟಿ ಬೆಳ್ಳಗಾಯಿತು. ಇಪ್ಪತ್ತಮೂರಕ್ಕೆ ಚೀಲದ ಮಾತು ನಿಂತಿತು. ಮೂವತ್ತಕ್ಕೆ ನನ್ನ ಕೈಗೆ ಜೋಮು ಹಿಡಿಯಿತು. ಸಹಾಯಕ್ಕೆ ಇನ್ನೂ ಇಬ್ಬರು ಕೂಡಿಕೊಂಡರು, ಆದರೂ ನಾನು ಕೈ ತೆಗೆಯಲಿಲ್ಲ. ಗಾಡಿ ಬಂದದ್ದು ಮೂವತ್ತೆಂಟಕ್ಕೆ. ಶೆಡ್ಡಿನಲ್ಲಿ ನಿಂತ ಗಾಡಿ ಹದಿನೇಳಕ್ಕೆ ಬರುತ್ತಿತ್ತು. ಚಾಲಕ ಇದ್ದಿದ್ದರೆ.

ಇದನ್ನು ಬರೆಯದೆ ಮುಚ್ಚಿಬಿಡೋಣ ಎನಿಸಿತು. ಬರೆದಿದ್ದೇನೆ.

ಗಾಡಿ ಹೋದ ಮೇಲೆ ಪಂಕ್ಚರಿನಾತ ನನ್ನ ಕೈಗೆ ನೀರು ಹಾಕಿದ. ತಲೆ ಎತ್ತದೆ ಹೇಳಿದ: “ಅವತ್ತು ಅಂಗಡಿ ತೆಗೆದಿತ್ತು ಮೇಡಂ. ಫೋನ್ ಮಾಡಿದ್ದು ನಾನೇ. ಎದುರುಗಡೆ ಕಲ್ಲು ನೋಡಿ ಎಪ್ಪತ್ನಾಕು ಅಂದೆ. ಆಮೇಲೆ ಮುಟ್ಟೋಕೆ ಹೆದರಿದೆ, ಪೊಲೀಸ್ ಕೇಸು, ಸಾಕ್ಷಿ, ಅಲೆದಾಟ ಅಂತ. ಅವರು ನೀರು ಕೇಳಿದ್ರು. ಕೊಡಬಾರ್ದು ಅಂತ ಯಾರೋ ಅಂದ್ರು. ಕೊಡ್ಲಿಲ್ಲ.”

ಇವನ ಕುತ್ತಿಗೆ ಹಿಡಿಯಬೇಕಿತ್ತು ನಾನು. “ಇನ್ನೊಂಚೂರು ಹಾಕಿ,” ಎಂದು ಕೈ ಮುಂದೆ ಚಾಚಿದೆ.

ಮಾರ್ಚ್ 9, ಸೋಮವಾರ

ಆಸ್ಪತ್ರೆಗೆ ಹೋಗಿದ್ದೆ. ಬಡಗಿ ಬದುಕಿದ್ದಾನೆ. ಕಾಲು ಉಳಿಯಬಹುದು, ಉಳಿಯದೆಯೂ ಇರಬಹುದು. ಅದೇ ವೈದ್ಯೆ. ನನ್ನ ಗುರುತು ಅವಳಿಗೆ ಹತ್ತಲಿಲ್ಲ. “ಸ್ವಲ್ಪ ಬೇಗ ಬಂದಿದ್ರೆ ಈ ಅನುಮಾನಾನೂ ಇರ್ತಿರಲಿಲ್ಲ,” ಅಂದಳು.

ಬಡಗಿಯ ಹೆಂಡತಿ ನನ್ನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು. ಬಿಡಿಸಿಕೊಂಡು ಬರುವುದು ಹೇಗೆಂದು ತಿಳಿಯಲಿಲ್ಲ.

ಉಳಿಗಳು ಐದೇ ಸಿಕ್ಕಿವೆಯಂತೆ.

ಮಾರ್ಚ್ 12, ಗುರುವಾರ

ವಿಚಾರಣೆ. ಉದ್ದನೆಯ ಕೋಣೆ, ಕುಂಟುವ ಮೇಜು. ಅದರ ಒಂದು ಕಾಲಿನ ಕೆಳಗೆ ಮಡಚಿದ ಕಾಗದ ಇಟ್ಟಿದ್ದರು. ಅಧಿಕಾರಿ ಕನ್ನಡಕ ಒರೆಸುತ್ತಲೇ ಇದ್ದ. ಚಾಲಕ ಗೋಡೆಗೆ ಒರಗದೆ ನೆಟ್ಟಗೆ ನಿಂತಿದ್ದ.

ಹಳೆಯ ಕಲ್ಲಿನ, ಹೊಸ ಫಲಕದ ಫೋಟೋ ಮೇಜಿನ ಮೇಲಿಟ್ಟೆ. ಎಲ್ಲ ಹೇಳಿದೆ. ನನಗೆ ಹನ್ನೊಂದು ದಿನದಿಂದ ಗೊತ್ತಿತ್ತು ಎಂಬುದನ್ನೂ. ಅಧಿಕಾರಿ ಕನ್ನಡಕ ಹಾಕಿಕೊಂಡು ಫೋಟೋ ನೋಡಿದ, ನನ್ನನ್ನು ನೋಡಿದ. “ಹಾಗಾದ್ರೆ ಇವರದೇನೂ ತಪ್ಪಿಲ್ಲ ಅಂತಾಯ್ತು.”

ಆಗ ಚಾಲಕ ಬಾಯಿ ಬಿಟ್ಟ. ಬಿಡಬೇಕಾದ ಅಗತ್ಯವೇ ಇರಲಿಲ್ಲ.

“ಸಾರ್, ಒಂದು ಮಾತು. ಹೋಗುವಾಗ ಗಿಡದ ಸಂದಿಯಲ್ಲಿ ಆಚೆ ಬದಿ ಜನ ಸೇರಿದ್ದು ಕಾಣಿಸ್ತು. ಏನೋ ಆಗಿದೆ ಅನ್ನಿಸ್ತು. ಆದ್ರೆ ನನಗೆ ಕೊಟ್ಟಿದ್ದು ಎಪ್ಪತ್ನಾಕು. ಹೇಳಿದ ಜಾಗ ಬಿಟ್ಟು ಬೇರೆ ಕಡೆ ನಿಲ್ಲಿಸಿದ್ರೆ ಮೆಮೋ ಕೊಡ್ತಾರೆ. ನಿಲ್ಲಿಸ್ಲಿಲ್ಲ.” ಆಮೇಲೆ ನನ್ನ ಕಡೆ ತಿರುಗಿ, “ದಿನಾ ಅದೇ ಕಾಣುತ್ತೆ ಮೇಡಂ,” ಅಂದ.

ಅಧಿಕಾರಿಯ ಪೆನ್ನು ಕಾಗದದ ಮೇಲೆ ನಿಂತಿತು. “ಇದನ್ನ ಬರ್ಕೊಂಡ್ರೆ ಇವರ ಕೆಲಸ ಉಳಿಯೋದು ಕಷ್ಟ,” ಎಂದು ನನ್ನ ಮುಖ ನೋಡಿದ. “ದೂರು ನಿಮ್ಮದು. ಏನು ಹೇಳ್ತೀರಾ?”

ಇಷ್ಟು ದಿನ ನಾನು ಕೇಳಿದ್ದು ಇದನ್ನೇ. ಅವನ ಬಾಯಿಂದಲೇ ಬಂದಿದೆ. ಮೇಜಿನ ಮೇಲೆ ಹಣ್ಣು ಇಟ್ಟ ಹಾಗೆ ಇಟ್ಟಿದ್ದಾನೆ.

“ಕಲ್ಲಿನ ವಿಷಯ ಬರೀರಿ,” ಅಂದೆ. “ಮತ್ತೆ ಆ ಮೆಮೋ ವಿಷಯ. ಕಣ್ಣಿಗೆ ಕಂಡಲ್ಲಿ ನಿಲ್ಲಿಸಿದ್ರೆ ಯಾರು ಮೆಮೋ ಕೊಡ್ತಾರೆ, ಅದನ್ನ ಬರೀರಿ.”

ಯಾಕೆ ಹಾಗಂದೆನೋ. ಸುಸ್ತಾಗಿತ್ತು. ಬೆಳಿಗ್ಗೆ ತಿಂಡಿಯನ್ನೂ ತಿಂದಿರಲಿಲ್ಲ.

ಹೊರಗೆ ಬಂದಾಗ ಚಾಲಕರು ಮೆಟ್ಟಿಲ ಬಳಿ ಚಪ್ಪಲಿ ಹಾಕಿಕೊಳ್ಳುತ್ತಿದ್ದರು. ನನ್ನನ್ನು ಕಂಡು ಒಂದೇ ಚಪ್ಪಲಿಯಲ್ಲಿ ಹಿಂದೆ ಸರಿದು ದಾರಿ ಬಿಟ್ಟರು.

ಮಾರ್ಚ್ 18, ಬುಧವಾರ

ಹೆದ್ದಾರಿ ಕಚೇರಿಯ ಗುಮಾಸ್ತ ಬಹಳ ಸಜ್ಜನ, ಕುರ್ಚಿ ಕೊಟ್ಟ. ಹೊಸ ಫಲಕ ನೆಡುವ ಗುತ್ತಿಗೆ ಒಬ್ಬರದಂತೆ, ಹಳೆಯ ಕಲ್ಲು ಕೀಳುವ ಗುತ್ತಿಗೆ ಇನ್ನೊಬ್ಬರದಂತೆ. ಎರಡನೆಯದು ಮುಂದಿನ ಹಂತದಲ್ಲಿ ಬರುತ್ತದಂತೆ.

“ಮುಂದಿನ ಹಂತ ಯಾವಾಗ?”

“ಈ ಹಂತ ಮುಗಿದ ಮೇಲೆ ಮೇಡಂ.”

“ಅಷ್ಟರಲ್ಲಿ ಇನ್ನೊಬ್ಬರು ಬಿದ್ರೆ?”

“ಅಯ್ಯೋ, ಹಾಗೆಲ್ಲ ಅನ್ನಬಾರದು,” ಎಂದು ಮೇಜನ್ನು ಬೆರಳಿಂದ ಕುಟ್ಟಿದ.

ಎದ್ದು ಬಂದೆ. ಹೊಸ ಸಿಟ್ಟು. ಇದು ಹಳೆಯದಕ್ಕಿಂತ ತಣ್ಣಗಿದೆ. ಇದನ್ನು ಹಿಡಿದುಕೊಂಡು ನಡೆಯಬಹುದು.

ಮಾರ್ಚ್ 22, ಭಾನುವಾರ

ಇಂದು ಹಳೆಯ ಕಲ್ಲುಗಳ ಮುಖಕ್ಕೆ ಮಸಿ ಬಳಿದೆ. ಎಪ್ಪತ್ತರಿಂದ ಎಂಬತ್ತೆರಡು, ಒಟ್ಟು ಹದಿಮೂರು. ಒಂದು ಡಬ್ಬ ಕಪ್ಪು ಬಣ್ಣ, ಒಂದು ಅಗಲ ಬ್ರಶ್ಶು, ಸೊಂಟನೋವಿನ ಟ್ಯಾಕ್ಸಿಯವನು. “ಮೇಡಂ, ನೀವು ಕಾಲೇಜಲ್ಲಿ ಇರೋದು ನಿಜಾನಾ?” ಎಂದು ಎರಡು ಸಲ ಕೇಳಿದ.

ಎಪ್ಪತ್ತನಾಲ್ಕಕ್ಕೆ ಮೂರು ಸಲ ಬಳಿದೆ. ಅಕ್ಷರದ ಗುಳಿಯೊಳಗೂ ಬ್ರಶ್ಶಿನ ತುದಿ ತುರುಕಿ ತುಂಬಿದೆ. ಇದನ್ನು ಯಾರಾದರೂ ಸೇವೆ ಎಂದರೆ ಅವರ ಮುಖಕ್ಕೂ ಬಳಿಯುತ್ತೇನೆ. ಅವಳನ್ನು ಕೊಂದದ್ದು ಈ ಕಲ್ಲು, ಇದರ ಕಣ್ಣು ಕಿತ್ತಿದ್ದೇನೆ. ಆಮೇಲೆ ಬಿಳಿ ಬಣ್ಣದಲ್ಲಿ ಪಕ್ಕಕ್ಕೆ 68 ಎಂದು ಬರೆದೆ, ಉಳಿದವಕ್ಕೂ ಅವವುಗಳ ಹೊಸ ಸಂಖ್ಯೆ. ಖಾಲಿ ಬಿಟ್ಟರೆ ಓದುವವರು ಏನು ಓದಬೇಕು?

ಪಂಕ್ಚರಿನಾತ ಅಂಗಡಿಯ ಗೋಡೆಯ ಮೇಲೆ 68 ಎಂದು ತನ್ನಷ್ಟೇ ಎತ್ತರಕ್ಕೆ ಬರೆಸಿಕೊಂಡ. ಟ್ಯೂಬಿನ ಪಟ್ಟಿಗಳನ್ನು ಸೀಳಿ ಮೊಳೆಗೆ ನೇತುಹಾಕಿದ್ದಾನೆ. ಹೇಗೆ ಕಟ್ಟಬೇಕೆಂದು ಪಕ್ಕದ ಹಣ್ಣಿನಂಗಡಿಯವಳಿಗೆ ಕಲಿಸುತ್ತಿದ್ದ, ಎಲ್ಲ ತಪ್ಪು ತಪ್ಪಾಗಿ. ತಿದ್ದಿದೆ.

ಮಾರ್ಚ್ 25, ಬುಧವಾರ

ಪೊಲೀಸ್ ಠಾಣೆಗೆ ಕರೆಸಿದ್ದರು. ಸಾರ್ವಜನಿಕ ಆಸ್ತಿಗೆ ಹಾನಿ. ಇನ್‌ಸ್ಪೆಕ್ಟರು ಫೋಟೋ ನೋಡಿ, “ಯಾಕಮ್ಮಾ ಈ ವಯಸ್ಸಲ್ಲಿ?” ಅಂದರು. ಎರಡು ಎಪ್ಪತ್ತನಾಲ್ಕರ ಕಥೆ ಹೇಳಿದೆ. ತುಸು ಹೊತ್ತು ಪೆನ್ನು ಕುಟ್ಟಿದರು. ಹೋದ ವರ್ಷ ಅವರ ಗಸ್ತಿನ ಜೀಪೂ ಹಾಗೇ ಎಲ್ಲೋ ಹುಡುಕಾಡಿತ್ತಂತೆ. ಆ ಸಂಗತಿಯನ್ನು ಅವರು ಪೂರ್ತಿ ಹೇಳಲಿಲ್ಲ. ಮುಚ್ಚಳಿಕೆ ಬರೆಸಿಕೊಂಡು ಕಳಿಸಿದರು.

ಸಂಜೆ ಗ್ರಂಥಾಲಯಕ್ಕೆ ಆ ಹುಡುಗಿ ಮತ್ತೆ ಬಂದಿದ್ದಳು. ಮೂರನೆಯ ಸಾಲಿಗೆ ಜೊತೆಗೇ ಹೋಗಿ ಒಂದು ಪುಸ್ತಕ ಆರಿಸಿಕೊಟ್ಟೆ. ಮರಳಿ ಬಂದು ಕೂತಾಗ ಟೀ ಆರಿಹೋಗಿತ್ತು.

ಮಾರ್ಚ್ 29, ಭಾನುವಾರ

ಚಾಲಕರಿಗೆ ಕೆಲಸ ವಾಪಸ್ ಸಿಕ್ಕಿ ವಾರವಾಯಿತಂತೆ. ಗುರುವಾರ ಹೊಸ 71ರ ಬಳಿ ಒಂದು ವ್ಯಾನ್ ಮಗುಚಿದಾಗ ಹದಿನಾಲ್ಕು ನಿಮಿಷಕ್ಕೆ ತಲುಪಿದರಂತೆ. ಪಂಕ್ಚರಿನಾತ ಫೋನ್ ಮಾಡಿ ಹೇಳಿದ. ಹದಿನಾಲ್ಕು. ಅವಳಿಗೆ ಸಿಗಬೇಕಿದ್ದದ್ದು. ಕೇಳಿ ಸಂತೋಷವಾಗಲಿಲ್ಲ, ಹೊಟ್ಟೆ ಉರಿಯಿತು. ಆ ವ್ಯಾನಿನವರು ಯಾರೋ ಏನೋ, ಅವರೆಲ್ಲ ಬದುಕಿದ್ದಾರೆ. ನನ್ನವಳು ಇಲ್ಲ. ಈ ಉರಿಯನ್ನು ಯಾರ ಮೇಲೆ ಹಾಕಲಿ?

ಇಷ್ಟು ಬರೆಯುವಾಗ ಬಾಗಿಲು ಬಡಿದ ಸದ್ದು. ಹೊಲಿಗೆಯಾಕೆ, ಕೊರಳಿಗೆ ಅಳತೆ ಟೇಪು ಹಾಗೇ ನೇತುಹಾಕಿಕೊಂಡು ಮೆಟ್ಟಿಲು ಹತ್ತಿ ಬಂದವಳು, ಏದುಸಿರು ಬಿಡುತ್ತಿದ್ದಳು. ಒಳಗೆ ಬಾ ಅಂದೆ. ಬರಲಿಲ್ಲ, ಹೊಸ್ತಿಲಾಚೆಯೇ ನಿಂತು ಒಂದೇ ಉಸಿರಿಗೆ ಹೇಳಿದಳು:

“ಅಕ್ಕಾ, ಕೆಳಗೆ ಆ ಆಂಬುಲೆನ್ಸ್ ಡ್ರೈವರ್ ನಿಂತಿದ್ದಾನೆ. ಮೇಲೆ ಹೋಗಪ್ಪಾ ಅಂದೆ, ಬರಲ್ವಂತೆ. ನಿಮ್ಮ ಮುಖ ನೋಡೋಕೆ ಅವನಿಗೆ ಇನ್ನೂ ಆಗಲ್ವಂತೆ. ಎಂಬತ್ತೆರಡರಿಂದ ಆಚೆಗೂ ಹಳೇ ಕಲ್ಲು ಇದಾವಂತೆ, ಗಿಡದೊಳಗೆ ಮುಚ್ಚಿಹೋಗಿರೋದ್ರಿಂದ ನೀವು ನೋಡಿಲ್ವಂತೆ. ಇವತ್ತು ಅವನಿಗೆ ರಜಾ, ಡಬ್ಬ ಬ್ರಶ್ಶು ಕೊಟ್ಟು ಕಳಿಸಿ ಅಂದ.”